ಆರು ಗಂಟೆಯ ಕಟ್ಟಳೆ

"ಟಾರ್ಚು ಮುಖಕ್ಕಲ್ಲ, ದಾರಿಗೆ ಬಿಡ್ರೀ!"

ಹನಗೋಡು ದಾಟಿದ ಮೇಲಿನ ಸ್ಟಾಪಿನಲ್ಲಿ ಬಸ್ಸಿಳಿದ ರಮ್ಯಶ್ರೀ ಕಿರುಚಿಯೇಬಿಟ್ಟಳು. ಎದುರಿಗಿದ್ದವನು ಗಾಬರಿಯಿಂದ ಬೆಳಕು ಇಳಿಸಿದ. ಶರತ್! ಟ್ರ್ಯಾಕ್ಟರ್ ರಿಪೇರಿಯವನು. ಊರಲ್ಲಿ ಹೊಸದಾಗಿ ಕಟ್ಟಿದ ಕಾವಲು ಪಡೆಯ ಹುಡುಗ.

"ತಪ್ಪಾಯ್ತು ಕಣ್ರೀ... ಮನೆ ತಂಕ ಬರ್ಲಾ?"

"ಬ್ಯಾಡ. ಕಾಡ್ಸೋರನ್ನ ಹಿಡೀರಿ, ನಮ್ಮನ್ನಲ್ಲ!"

ಸಿಟ್ಟಿಗೆ ಕಾರಣವಿತ್ತು. ಹುಣಸೂರಿನ ಗಾರ್ಮೆಂಟ್ಸಿನಲ್ಲಿ ದುಡಿದು ಬರುವ ಹುಡುಗಿಯರನ್ನು ಕೆರೆ ಏರಿಯ ಮೇಲೆ ಯಾರೋ ಮುಖ ಮುಚ್ಚಿಕೊಂಡು ಬೈಕಿನಲ್ಲಿ ಬಂದು ಎಳೆದಾಡುತ್ತಿದ್ದ. ಗೆಳತಿ ಹೇಮಶ್ರೀ ಬಿದ್ದು ಕೈ ಮುರಿದುಕೊಂಡು, ಸ್ಟೇಷನ್ನಿಗೆ ದೂರು ಕೊಟ್ಟಿದ್ದಳು.

ಬೇಡ ಎಂದರೂ ಶರತ್ ದಿನವೂ ದೂರದಿಂದ ಹಿಂಬಾಲಿಸುತ್ತಿದ್ದ. ಬರಬರುತ್ತಾ, ಬಸ್ಸಿಳಿದ ಕೂಡಲೇ ರಮ್ಯಳ ಕಣ್ಣು ಅವನನ್ನೇ ಹುಡುಕತೊಡಗಿತು...

ಭಾನುವಾರ ಊರ ಸಭೆ. ಪಡೆಯ ಯಜಮಾನರು ಶರತ್‌ನ ದೊಡ್ಡಪ್ಪ ಬಸವರಾಜು.

"ಇನ್ಮ್ಯಾಕೆ ಆರು ಗಂಟೆ ಒಳಗೆ ಹೆಣ್ಮಕ್ಳು ಮನೆ ಸೇರ್ಬೇಕು. ಅಷ್ಟೇಯ."

ರಮ್ಯಳ ಮೈ ಉರಿದುಹೋಯಿತು. "ತಪ್ಪು ಮಾಡ್ದೋನು ಬೀದೀಲಿ, ನಾವು ಒಳಗಾ? ನಮ್ಮ ಕೆಲ್ಸದ ಗತಿ? ಗಂಡುಡುಗ್ರನ್ನ ಆರು ಗಂಟೆಗೆ ಕೂಡಾಕಿ ಯಜಮಾನ್ರೇ!"

ಗಂಡಸರು ಗೊಳ್ಳೆಂದು ನಕ್ಕರು. ಅವಳು ಶರತ್‌ನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

ಥೂ... ಇವನಿಗಾಗಿಯಾ ನನ್ನ ಕಣ್ಣು ಹುಡುಕಿದ್ದು?

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದ ರಮ್ಯಳ ಎದುರೇ ಶರತ್ ಕೆಂಪು ಬೈಕೊಂದರ ಹಿಂದೆ ಕೂತು ಹುಣಸೂರಿನ ಕಡೆ ಹೋದ. ಓಡಿಸುತ್ತಿದ್ದವನು ಬಸವರಾಜುವಿನ ಮಗ ಶಶಿಕುಮಾರ್. ಪಕ್ಕದಲ್ಲಿದ್ದ ಹೇಮಶ್ರೀ ಪಟ್ಟಿ ಕಟ್ಟದ ಕೈಯಿಂದ ರಮ್ಯಳ ಕೈ ಗಟ್ಟಿಯಾಗಿ ಹಿಡಿದಳು.

"ಅವ್ನೇ ಕಣೇ... ಅದೇ ಬೈಕು!"

ಅಂದರೆ ಶರತ್‌ಗೆ ಎಲ್ಲ ಗೊತ್ತು! ದೊಡ್ಡಪ್ಪನ ಮಗನೆಂದು ಮುಚ್ಚಿಟ್ಟಿದ್ದಾನೆ!

ರಮ್ಯ ಅಳಲಿಲ್ಲ. ಕೆಲಸಕ್ಕೂ ಹೋಗದೆ ಮನೆಮನೆ ಹತ್ತಿಳಿದಳು. ಸಂಜೆ ಆರಾಗುತ್ತಲೇ ಊರಿನ ಹೆಂಗಸರೆಲ್ಲ ಕೆರೆ ಏರಿಯ ಮೇಲೆ! ಏರಿಗೆ ಹತ್ತಿರವಿದ್ದ ತಮ್ಮ ಮನೆಯಿಂದ ವಿಮಲಮ್ಮ ವೈರು ಎಳೆಸಿ ಬಲ್ಬು ಹಾಕಿಸಿದರು. ಚಾಪೆ ಹಾಸಿ, ಕಡ್ಲೆಕಾಯಿ ಬಿಡಿಸುತ್ತಾ ಕೂತರು. ಬಸ್ಸಿಳಿದ ಹುಡುಗಿಯರು ನಗುತ್ತಾ ಬಂದು ಸೇರಿಕೊಂಡರು.

ಬಸವರಾಜು ಅಬ್ಬರಿಸುತ್ತಾ ಬಂದರು. "ನಿನ್ನಿಂದ್ಲೇ ಕಣಮ್ಮೀ! ನಿನ್ ಮಾತಿಗೆ ಕುಣ್ದು ಶರತ್ ನನ್ ಮಗನ್ನ ಸ್ಟೇಷನ್ಗೆ ಒಪ್ಸವ್ನೆ!"

ರಮ್ಯ ದಂಗಾದಳು. ಹಿಂದೆಯೇ ಶರತ್ ಬಂದ. ದೊಡ್ಡಪ್ಪ ಹೊಡೆದ ಏಟಿಗೆ ತುಟಿ ಒಡೆದಿತ್ತು.

"ಅವ್ನೇ ಅಂತ ನಿಮ್ಗೆ ಯಾವಾಗ ಗೊತ್ತಾಯ್ತು?"

"ನೆನ್ನೆ ಸಭೇಲಿ ನೀವು ಕೇಳ್ದಾಗ ಅವ್ನು ನಕ್ಕ ರೀತಿ ನೋಡಿ ಅನುಮಾನ ಬಂತು. ರಾತ್ರಿ ಗದರ್ಸಿ ಕೇಳ್ದೆ. ಒಪ್ಕಂಡ. ಬೆಳಿಗ್ಗೆ ಅವ್ನ ಬೈಕಲ್ಲೇ ಸ್ಟೇಷನ್ಗೆ ಕರ್ಕಂಡೋದೆ."

"ಮತ್ತೆ ಸಭೇಲಿ ನನ್ ಪರವಾಗಿ ಒಂದು ಮಾತೂ ಆಡ್ಲಿಲ್ಲ?"

"ಹೆದರ್ದೆ ಕಣ್ರೀ... ದೊಡ್ಡಪ್ಪನ ಮುಂದೆ ಬಾಯೇ ಬರ್ಲಿಲ್ಲ."

ಅವನು ಸುಳ್ಳು ಹೇಳಲಿಲ್ಲವೆಂಬುದು ಅವಳಿಗೆ ಹಿಡಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಅವಳು ಬಸವರಾಜುವಿನತ್ತ ತಿರುಗಿದಳು. "ನಿಮ್ ಕಟ್ಟಳೆ ಇವತ್ತಿಗೆ ಮುಗೀತು. ನಾಳೆಯಿಂದ ಪಡೇಲಿ ನಾವೂ ಇರ್ತೀವಿ."

ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಬಸವರಾಜು ಟವೆಲ್ಲು ಕೊಡವಿ ಹೊರಟುಹೋದರು.

ಶರತ್ ಮೆಲ್ಲಗೆ ಹತ್ತಿರ ಬಂದ. "ಇನ್ನೂ ಕೋಪಾನಾ?"

"ಬೋ ಕೋಪ."

"ಇರ್ಲಿ... ನಂಗೆ ನೀವಂದ್ರೆ ಇಷ್ಟ."

"ಕೇಳಿಸ್ನಿಲ್ಲ. ಎಲ್ರ ಮುಂದೆ ಜೋರಾಗಿ ಹೇಳಿ!"

ಅವನ ಕಿವಿ ಕೆಂಪೇರಿತು. ಬಲ್ಬಿನ ಕೆಳಗೆ ಹೋಗಿ ನಿಂತ. "ನಂಗೆ... ನಂಗೆ ರಮ್ಯಶ್ರೀ ಅಂದ್ರೆ ಇಷ್ಟ!"

ಏರಿ ತುಂಬಾ ಕೇಕೆ!

ರಮ್ಯ ಚಾಪೆಯಲ್ಲಿ ಸರಿದು ಜಾಗ ಬಿಟ್ಟಳು. ವೇಲಿನ ಅಂಚನ್ನು ಚೊಂಬಿನ ನೀರಿನಲ್ಲಿ ಅದ್ದಿದಳು.

"ಕೂತ್ಕಳಿ. ತುಟೀಲಿ ಇನ್ನೂ ರಕ್ತ ಬತ್ತಾ ಅದೆ."

"ನೋಯ್ತದೆ ಕಣ್ರೀ..."

"ನೋಯ್ಲಿ," ಎಂದಳು. ಆದರೆ ಒರೆಸುವಾಗ ಅವಳ ಕೈ ತುಂಬಾ ಮೃದುವಾಗಿತ್ತು.