ಶನಿವಾರದ ಮಂಡಿನೋವು

"ಇಳೀರಿ! ಮೊದಲು ಸೈಕಲ್ಲಿಂದ ಇಳೀರಿ!"

ರಿಪೇರಿ ಅಂಗಡಿಯೊಳಗಿಂದ ಬಂದ ಕೂಗಿಗೆ ಲೈಬ್ರರಿ ಮೇಡಂ ಬೆಚ್ಚಿ ಬ್ರೇಕ್ ಹಿಡಿದಳು. ನಲವತ್ತಾರು ವರ್ಷದ ಹೆಂಗಸನ್ನು ನಡುರಸ್ತೆಯಲ್ಲಿ ಹೀಗೆ ಗದರುವುದೆಂದರೇನು!

"ಏನ್ರೀ ಅದು? ನಾನೇನು ಕದ್ಕೊಂಡು ಹೋಗ್ತಿದೀನಾ?"

"ಕದ್ದಿಲ್ಲ, ಮಂಡಿ ಕಳ್ಕೋತಿದೀರ. ಸೀಟು ಇಷ್ಟು ಕೆಳಗಿಟ್ಟು ತುಳಿದ್ರೆ ಇನ್ನೇನಾಗುತ್ತೆ? ಮೆಟ್ಟಿಲು ಇಳಿಯುವಾಗ ಚಿಪ್ಪಿನ ಹತ್ರ ನೋಯುತ್ತೆ ತಾನೇ?"

ಅವಳ ಕೈ ತಾನಾಗಿ ಮಂಡಿಗೆ ಹೋಯಿತು. ಎರಡು ತಿಂಗಳಿಂದ ನೋಯುತ್ತಿತ್ತು. 'ವಯಸ್ಸಾಯ್ತಲ್ಲ ಅಕ್ಕಾ, ಸೈಕಲ್ ಮಾರಿಬಿಡು' ಎಂದು ತಂಗಿ ದಿನಾ ತಲೆ ತಿನ್ನುತ್ತಿದ್ದಳು. ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು?

ಐವತ್ತು ದಾಟಿದ ಮೆಕ್ಯಾನಿಕ್ ಎಡಗಾಲು ಕೊಂಚ ಎಳೆಯುತ್ತಾ ಹೊರಗೆ ಬಂದ. ಅವಳನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿ ಪೆಡಲಿನ ಮೇಲಿಡಲು ಹೇಳಿದ.

"ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗ್ಬೇಕು. ನಿಮ್ಮದು ಮಡಚಿಕೊಂಡೇ ಇದೆ. ಒಂದೇ ಸಲ ಎತ್ತಿದ್ರೆ ಹೆದರ್ಕೋತೀರ. ವಾರಕ್ಕೆ ಅರ್ಧ ಬೆರಳು ಎತ್ತೋಣ, ಶನಿವಾರ ಬನ್ನಿ. ಏರಿನಲ್ಲಿ ಹಗುರ ಗೇರ್ ಹಾಕಿ. ಹಟ ಮಾಡಿ ತುಳೀಬೇಡಿ."

ಶನಿವಾರ ಬಂದಳು. ಮುಂದಿನ ಶನಿವಾರವೂ ಬಂದಳು. ಅವನು ಸ್ಟೂಲು ಒರೆಸಿ ಕೊಡುತ್ತಿದ್ದ, ಚಹಾ ತರಿಸುತ್ತಿದ್ದ. ಹೆಂಡತಿ ತೀರಿಹೋಗಿ ಎಂಟು ವರ್ಷವಾಯಿತೆಂದ. ಅಮ್ಮನ ಕಾಯಿಲೆ ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ಯಾವಾಗ ದಾಟಿತೋ ತಿಳಿಯಲಿಲ್ಲ ಎಂದಳು ಅವಳು. ಬೇರೆ ಯಾರ ಬಳಿಯೂ ಅವಳು ಇದನ್ನು ಹೇಳಿಕೊಂಡವಳಲ್ಲ.

ಮೂರನೇ ವಾರಕ್ಕೆ ನೋವು ಮಂಗಮಾಯ!

ಅಯ್ಯೋ... ಇನ್ನು ಯಾವ ನೆಪ ಹೇಳಿ ಹೋಗಲಿ?

"ಹೇಗಿದೆ ಮೇಡಂ?"

"ಇನ್ನೂ... ಸ್ವಲ್ಪ ಇದೆ."

ಬಾಯಿಗೆ ಬಂದೇಬಿಟ್ಟಿತು ಸುಳ್ಳು. ಅವನು ಪಾಪ, ಸೀಟು ಹಿಂದೆ ತಳ್ಳಿದ, ಮುಂದೆ ತಂದ, ಪೆಡಲ್ ಬದಲಿಸಿದ. ಪ್ರತಿ ವಾರ ಅದೇ ಪ್ರಶ್ನೆ, ಅದೇ ಸುಳ್ಳು.

ಏಳನೇ ಶನಿವಾರ ಸ್ಟೂಲು ಹೊರಗೆ ಬರಲಿಲ್ಲ.

"ಇನ್ನು ಬರಬೇಡಿ ಮೇಡಂ. ಸೈಕಲ್ ಬಿಟ್ಟು ಡಾಕ್ಟರಿಗೆ ತೋರಿಸಿ," ಎಂದ, ಮುಖ ಕೂಡ ನೋಡದೆ.

ನಾನು ಬೇಡವಾದೆನಾ? ಮನೆಗೆ ಬಂದವಳೇ ಮಂಚದ ಮೇಲೆ ಕುಸಿದಳು.

"ಮಂಡಿ ನೋವಾ ಅಕ್ಕಾ?" ತಂಗಿ ಓಡಿಬಂದಳು.

"ಮಂಡಿ ಗಟ್ಟಿಮುಟ್ಟಾಗಿದೆ ಕಣೇ!" ಎಂದು ಅಳುತ್ತಲೇ ಎಲ್ಲ ಒದರಿದಳು.

ತಂಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ತಟ್ಟನೆ ಅಕ್ಕನ ಭುಜ ಹಿಡಿದು ಅಲುಗಿಸಿದಳು. "ಅಲ್ಲಕ್ಕಾ, ತನ್ನ ಕೈಯಿಂದಲೇ ನಿನ್ನ ಕಾಲು ಹಾಳಾಯ್ತು ಅಂದ್ಕೊಂಡಿರಬೇಕು ಆ ಮನುಷ್ಯ. ಮೊದಲು ಹೋಗಿ ನಿಜ ಹೇಳು!"

ಅಕ್ಕ ದಡಕ್ಕನೆ ಎದ್ದು ಸೈಕಲ್ಲಿನ ಕಡೆ ಓಡಿದಳು. ಇದು ನನಗೆ ಹೊಳೆಯಲೇ ಇಲ್ಲವಲ್ಲ!

ಏರು ಹತ್ತಿ ಬಂದವಳನ್ನು ಕಂಡು ಅವನು ಸ್ಪ್ಯಾನರ್ ಬಿಸುಟು ಎದ್ದ. "ಯಾಕೆ ತುಳ್ಕೊಂಡು ಬಂದ್ರಿ? ಬೇಡ ಅಂದಿರ್ಲಿಲ್ವಾ?"

"ನೋವಿಲ್ಲ. ನಾಲ್ಕು ವಾರದಿಂದ ಇಲ್ಲ... ಸುಳ್ಳು ಹೇಳಿದೆ."

ಅವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನನ್ನ ಕಾಲು ನೋಡಿದೀರಲ್ಲ? ನೋವು ಶುರುವಾದಾಗ ತಾತ್ಸಾರ ಮಾಡಿದೆ. ಇವತ್ತು ಊರಿನ ಸೈಕಲ್ಲೆಲ್ಲ ರಿಪೇರಿ ಮಾಡ್ತೀನಿ, ಒಂದನ್ನೂ ಓಡ್ಸೋಕಾಗಲ್ಲ. ನಿಮಗೂ ಹಾಗೇ ಆಗ್ತಿದೆ, ಅದೂ ನನ್ನ ಕೈಯಿಂದ ಅಂತ... ನಿದ್ದೆ ಮಾಡಿಲ್ಲ ರೀ ನಾನು!"

ಅವನ ಕಣ್ಣು ತುಂಬಿತ್ತು. ಅವಳು ಪಕ್ಕದಲ್ಲೇ ಕೂತಳು.

"ತಪ್ಪಾಯ್ತು. ನೋವು ಹೋದ್ರೆ ಇಲ್ಲಿಗೆ ಬರೋ ದಾರೀನೂ ಹೋಗುತ್ತೆ ಅಂತ ಹೆದರಿದೆ. ನೀವಂದ್ರೆ ನಂಗೆ... ತುಂಬಾ ಇಷ್ಟ."

ಅವನು ಗ್ರೀಸಿನ ಕೈ ಬಟ್ಟೆಗೆ ಒರೆಸುತ್ತಲೇ ಇದ್ದ. ಕೊನೆಗೆ ಆ ಕೈಯಲ್ಲಿ ಅವಳ ಕೈ ಹಿಡಿದ.

"ಕೋಪ ಹೋಯ್ತಾ?" ಮೆಲ್ಲಗೆ ಕೇಳಿದಳು.

"ಇಲ್ಲ. ಹೋಗೋವರೆಗೂ ಇಲ್ಲೇ ಕೂತಿರಿ."

"ಎಷ್ಟು ಹೊತ್ತು?"

"ಇಬ್ಬರಿಗೂ ವಯಸ್ಸಾಗೋವರೆಗೂ."

"ಆಗ್ಲೇ ಆಗಿದೆಯಲ್ಲ ರೀ!"

"ಇನ್ನೂ ಆಗಲಿ."