ಹೌಕಾಂಗಿನ ಒಪ್ಪಿಗೆ

ಹೌಕಾಂಗ್ ಎಂದರೆ ಝಾನ್ ಯೂರೆನ್‌ಗೆ ಹೇಸಿಗೆ. ತೈವಾನಿನ ಪಡುವಣ ಕರಾವಳಿಯ ಆ ಬೆಳ್ಳುಳ್ಳಿ ಊರಿನಲ್ಲಿ ಗಾಳಿಯೂ ನಾರುತ್ತದೆ, ಜನರ ಬಾಯಿಯೂ ನಾರುತ್ತದೆ. ಅಲ್ಲಿ ಕಸ ಸುಡುವ ಸ್ಥಾವರ ಬಂದರೆ ಜನರ ಬದುಕು ಏನಾಗುತ್ತದೆ ಎಂದು ಅಳೆದು ವರದಿ ಕೊಡುವುದು ಅವನ ಕೆಲಸ. ಊರವರ ಅಭಿಪ್ರಾಯ ಕೇಳಲು ಹೋದಾಗ ಅಡಿಕೆ ಜಗಿಯುತ್ತಿದ್ದ ಮುದುಕಿಯೊಬ್ಬಳು ಅವನ ಬೂಟಿನ ಮೇಲೆಯೇ ಪಿಚಕ್ಕನೆ ಉಗಿದಿದ್ದಳು.

"ಹೊಗೆ ಕುಡಿಯೋರು ನಾವು, ಲೆಕ್ಕ ಹಾಕೋನು ನೀನಾ? ಮೊದ್ಲು ನಿಮ್ಮಪ್ಪನ ಮನೆ ಪಕ್ಕ ಕಟ್ಟಿಸ್ಕೋ ಹೋಗು."

ಊರೆಲ್ಲ ನಕ್ಕಿತ್ತು. ಆ ನಗು ಅವನ ಹೊಟ್ಟೆಯಲ್ಲಿ ಹಳಸಿದ ಅನ್ನದಂತೆ ಕೂತಿತ್ತು. ಊರವರು ಬೇಡವೆಂದರೆ ಸ್ಥಾವರವಿಲ್ಲ, ಸ್ಥಾವರವಿಲ್ಲದಿದ್ದರೆ ವರದಿ ಮಾಡಿಸುವ ಅವನ ಕಂಪನಿಯಲ್ಲಿ ಅವನಿಗೆ ಪಾಲುದಾರಿಕೆಯಿಲ್ಲ. ಸರಿ, ಊರವರನ್ನೇ ಬದಲಾಯಿಸಿದರಾಯಿತು ಎಂದುಕೊಂಡ.

ವರ್ಷಕ್ಕೊಮ್ಮೆ ಕಡಲ ದೇವತೆ ಮಾಜು ತಾಯಿಯ ಪಲ್ಲಕ್ಕಿಯ ಹಿಂದೆ ಇಡೀ ಊರು ಯಾತ್ರೆ ಹೊರಡುತ್ತದೆ. ಬೀದಿಯಲ್ಲಿ ನಾಯಿ ಬಿಟ್ಟರೆ ನರಪಿಳ್ಳೆಯೂ ಇರುವುದಿಲ್ಲ. ಜನಾಭಿಪ್ರಾಯದ ಸಭೆಗೆ ಯೂರೆನ್ ಆ ದಿನವನ್ನೇ ಗೊತ್ತುಮಾಡಿದ. ಗೋಡೆಗೆ ಸಭೆಯ ನೋಟಿಸು ಅಂಟಿಸಿ ಸಾಕ್ಷಿಗೆ ಫೋಟೊ ತೆಗೆದುಕೊಂಡ, ಆಮೇಲೆ ನೋಟಿಸು ಯಾರಿಗೂ ಕಾಣದಂತೆ ಅದರ ಮೇಲೆ ಯಾತ್ರೆಯ ಭಿತ್ತಿಪತ್ರ ಮೆತ್ತಿದ. ನಗರದ ಪಾರ್ಕಿನಲ್ಲಿ ಹೊತ್ತು ಕಳೆಯುವ ಮುದುಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದ. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಮನೆ, ಒಂದು ಬೆಳ್ಳುಳ್ಳಿ ಹೊಲ ಬಾಯಿಪಾಠ. ಎಲ್ಲರೂ ಹೂಂ ಎಂದರೆ ಅನುಮಾನ ಬರುತ್ತದೆಂದು ಇಬ್ಬರಿಗೆ ಗೊಣಗುವುದನ್ನು ಹೇಳಿಕೊಟ್ಟ. ಅವರ ಉಗುರುಗಳಿಗೆ ತಾನೇ ಮಣ್ಣು ಮೆತ್ತಿದ, ಮೆತ್ತಿ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆದುಕೊಂಡ.

"ಊಟ ಉಂಟಾ ಸಾರ್?" ಎಂದ ಒಬ್ಬ ಮುದುಕ.

"ಹಂದಿ ಮಾಂಸದ ಡಬ್ಬಿ ತಾತ. ಹೇಳ್ಕೊಟ್ಟಷ್ಟು ಹೇಳಿ, ಸಾಕು."

ಸ್ಥಾವರಕ್ಕೆ ಒಪ್ಪಿಗೆ ಕೊಡುವ ಪರಿಶೀಲನಾ ಸಮಿತಿಯ ಅಧ್ಯಕ್ಷೆ ಶಿಯಾವ್ ಬಂದಾಗ ಯೂರೆನ್ ಗುಡಿಯ ಮುಂದೆ ಊದುಬತ್ತಿ ಹಿಡಿದು ಬಾಗಿ ನಿಂತಿದ್ದ. ಥೂ, ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ.

"ಇವತ್ತು ಪಲ್ಲಕ್ಕಿ ಹೊರಟಿದೆ ಅಲ್ವೇನ್ರಿ?" ಎಂದರು ಶಿಯಾವ್.

ಈ ಪ್ರಶ್ನೆಗೂ ಅವನು ತಯಾರಿದ್ದ. "ಹೌದು ಮೇಡಂ. ಬೇರೆಯವರನ್ನೆಲ್ಲ ಕಳಿಸಿ, ಈ ಹಿರಿಯರು ಸಭೆಗೋಸ್ಕರಾನೇ ಉಳ್ಕೊಂಡಿದಾರೆ. ಅಷ್ಟು ಆಸಕ್ತಿ."

ಸಭೆ ಹೂವೆತ್ತಿದಷ್ಟು ಹಗುರವಾಗಿ ಮುಗಿಯಿತು. ಗೊಣಗಬೇಕಾದವರು ಗೊಣಗಿದರು, ಕೈ ಎತ್ತಬೇಕಾದವರು ಎತ್ತಿದರು. ಬೂಟಿನ ಮೇಲೆ ಉಗಿದ ಮುದುಕಿ ಇನ್ನು ಹೊಗೆ ಕುಡಿಯಲಿ ಎಂದು ಯೂರೆನ್ ಒಳಗೊಳಗೇ ನಕ್ಕ. ಊಟದ ಡಬ್ಬಿಗಳನ್ನು ತಾನೇ ಹಂಚಿದ.

ಶಿಯಾವ್ ತಮ್ಮ ಡಬ್ಬಿಯ ಮುಚ್ಚಳ ತೆಗೆದು, ನೋಡಿ, ಹಾಗೆಯೇ ಮುಚ್ಚಿದರು. ಆಮೇಲೆ ಸುತ್ತಲೂ ಕಣ್ಣಾಡಿಸಿದರು. ಹೌಕಾಂಗಿನ ಹಿರಿಯರೆಲ್ಲ ಗಲ್ಲಕ್ಕೆ ಜಿಡ್ಡು ಸುರಿಸಿಕೊಂಡು ಮೂಳೆ ಚೀಪುತ್ತಿದ್ದರು. "ನಮ್ಮಜ್ಜಿ ಮನೆ ಪಕ್ಕದೂರು ಕಣ್ರಿ, ಯೂರೆನ್," ಎಂದರು ಮೆಲ್ಲಗೆ. "ತಾಯಿ ಪಲ್ಲಕ್ಕಿ ಹೊರಟ್ರೆ, ವಾಪಸ್ ಬಂದು ಗುಡಿ ಸೇರೋವರೆಗೂ ಮನೇಲಿ ಉಳಿದೋರೂ ಮಾಂಸ ಮುಟ್ಟಲ್ಲ. ಈ ಕಡೆ ಊರುಗಳಲ್ಲಿ ಹಾಲು ಕುಡಿಯೋ ಮಗೂಗೂ ಅದು ಗೊತ್ತು. ಇವರೆಲ್ಲ ಎಲ್ಲಿಯವರು?" ಅಷ್ಟರಲ್ಲಿ ಬೆಳಿಗ್ಗೆ ಊಟ ಕೇಳಿದ್ದ ಮುದುಕ ಬೆರಳು ನೆಕ್ಕುತ್ತಾ ಬಂದು ಯೂರೆನ್‌ನ ತೋಳು ಹಿಡಿದು ಕೇಳಿದ: "ಸಾರ್, ಮಾಂಸದ್ದು ಇನ್ನೊಂದು ಡಬ್ಬಿ ಇದ್ಯಾ?"