ಇಪ್ಪತ್ತೇಳನೇ ವಿಮಾನದ ಹತ್ತು ಗ್ಯಾಲನ್

1945ನೇ ಇಸವಿ ಏಪ್ರಿಲ್ 19, ಗುರುವಾರ, ಬೆಳಿಗ್ಗೆ 7-40. ಜಪಾನಿನ ಓಕಿನಾವಾ ದ್ವೀಪದ ದಕ್ಷಿಣದ ಕಡಲಿನಲ್ಲಿದ್ದ ‘ಕೆಟಲ್ ರಿಜ್’ ಎಂಬ ಅಮೆರಿಕದ ವಿಮಾನವಾಹಕ ಹಡಗಿನ ಪೊಲೀಸ್ ಕಚೇರಿಗೆ ದೂರು ಬಂತು. ಕಚೇರಿ ಎಂದರೆ ಲಾಂಡ್ರಿಯ ಪಕ್ಕದ ಗೂಡು. ಒಂದು ಮೇಜು, ಒಂದು ಟೈಪ್‌ರೈಟರು, ಎರಡು ಕುರ್ಚಿ. ಮೂರನೆಯವನು ಬಂದರೆ ನಿಂತೇ ಇರಬೇಕು.

ನಿಂತಿದ್ದವನು ಹಡಗಿನ ಆಸ್ಪತ್ರೆಯ ಸಹಾಯಕ.

“ಐಸ್‌ಕ್ರೀಂ ಹೋಗಿದೆ ಚೀಫ್. ಎರಡು ಡಬ್ಬಿ. ಒಂದೊಂದು ಐದೈದು ಗ್ಯಾಲನ್ನಿಂದು.”

ಹಡಗಿನ ಪೊಲೀಸ್ ಮುಖ್ಯಸ್ಥ ಆಸ್ಕರ್ ಲಿಂಡ್‌ಹೋಮ್ ಕಾಫಿ ಲೋಟವನ್ನು ಕೆಳಗಿಟ್ಟ. ಯುದ್ಧಕ್ಕೆ ಮೊದಲು ಡುಲೂತ್ ಊರಿನಲ್ಲಿ ಹನ್ನೊಂದು ವರ್ಷ ಪೊಲೀಸ್ ಕೆಲಸ ಮಾಡಿದ್ದವನು. ಕುದುರೆ ಕದ್ದವರನ್ನು ಹಿಡಿದಿದ್ದ, ಒಮ್ಮೆ ಚರ್ಚಿನ ಗಂಟೆ ಕದ್ದವನನ್ನೂ ಹಿಡಿದಿದ್ದ. ಐಸ್‌ಕ್ರೀಂ ಇದೇ ಮೊದಲು.

“ಬೇರೆ ಡಬ್ಬಿ ತಗೊಳ್ಳಿ.”

“ಬೇರೆ ಎಲ್ಲಿದೆ ಚೀಫ್? ಭಾನುವಾರದ ಬೆಂಕಿಯಲ್ಲಿ ಐಸ್‌ಕ್ರೀಂ ಮಾಡೋ ಯಂತ್ರ ಸುಟ್ಟಿತಲ್ಲ! ಅವೆರಡೇ ಉಳಿದಿದ್ದು. ಬಾಯಿ, ಗಂಟಲು ಸುಟ್ಕೊಂಡಿರೋ ಹನ್ನೊಂದು ಜನಕ್ಕೆ ಅಂತ ಡಾಕ್ಟರು ಎತ್ತಿಡಿಸಿದ್ರು. ಬೇರೆ ಏನೂ ಒಳಗೆ ಇಳೀತಿಲ್ಲ ಅವರಿಗೆ.”

7-55ಕ್ಕೆ ಪ್ರಥಮ ವರ್ತಮಾನ ವರದಿ ಟೈಪಾಯಿತು. 8-10ಕ್ಕೆ ಚೀಫ್ ತನ್ನ ಸಹಾಯಕ ಬರ್ನಿ ಕೊವಾಲ್‌ನನ್ನು ಕರೆದುಕೊಂಡು ತಳದ ಅಂತಸ್ತಿನ ಶೀತಲ ಉಗ್ರಾಣಕ್ಕೆ ಇಳಿದ. ಒಂದೇ ಬಾಗಿಲು, ಒಳಗೆ ಎರಡು ಕೋಣೆ. ಎಡಗಡೆ ಬೆಣ್ಣೆ, ಮೊಟ್ಟೆ, ಐಸ್‌ಕ್ರೀಂ. ಬಲಗಡೆ ಮಾಂಸ. ಬೀಗ ಮುರಿದಿರಲಿಲ್ಲ. ಎಡಗೋಣೆಯ ಹಲಗೆಯ ಮೇಲೆ ಹೆಪ್ಪುಗಟ್ಟಿದ ಹಿಮದಲ್ಲಿ ಎರಡು ದುಂಡನೆಯ ಗುರುತು ಮಾತ್ರ ಉಳಿದಿದ್ದವು. ಕೊವಾಲ್ ನಡುಗುತ್ತ ಪಂಚನಾಮೆ ಬರೆದ.

ಆ ವಾರ ಬೀಗದ ಕೈ ಇದ್ದದ್ದು ಅಡುಗೆಮನೆಯ ಲೂಶಸ್ ಪೆಟ್ವೇ ಬಳಿ. ನಲವತ್ತು ದಾಟಿದ ಅಲಬಾಮಾದ ಕರಿಯ. ಅಷ್ಟು ಚಳಿಯಲ್ಲೂ ಅವನ ಹಣೆಯಲ್ಲಿ ಬೆವರಿತ್ತು.

“ಕೈ ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ ಚೀಫ್. ರಾತ್ರಿ ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡು ಮಲಗ್ತೀನಿ.”

“ಕೊನೇ ಸಲ ಡಬ್ಬಿ ನೋಡಿದ್ದು?”

“ನಿನ್ನೆ ಬೆಳಿಗ್ಗೆ ಆರೂವರೆಗೆ. ಸಾಮಾನು ಹೊರೋ ಹುಡುಗರು ಬಂದಾಗ ಬಾಗಿಲು ತೆಗೆದೆ. ಏಳೂ ಕಾಲಿಗೆ ಹಾಕಿದೆ. ಮತ್ತೆ ತೆಗೆದಿದ್ದು ಇವತ್ತೇ.”

“ಹೊರಗೆ ಹೋಗಿದ್ದೆಲ್ಲ ಲೆಕ್ಕ ಹಾಕಿದ್ಯಾ?”

“ಒಂದೊಂದು ಪೆಟ್ಟಿಗೆ ಬಾಗಿಲಲ್ಲಿ ನಿಂತು ನೋಡಿದೀನಿ. ಐಸ್‌ಕ್ರೀಂ ನನ್ನ ದಾಟಿ ಹೋಗಿಲ್ಲ.” ಪೆಟ್ವೇ ದನಿ ತಗ್ಗಿಸಿದ. “ಚೀಫ್, ನಾನಂದ್ರೆ ಮೊದಲೇ ಎಲ್ಲರ ಬೆರಳು ಈ ಕಡೆ. ನಿಮಗೇ ಗೊತ್ತು.”

ಚೀಫ್‌ಗೆ ಗೊತ್ತಿತ್ತು. 8-50ಕ್ಕೆ ಮೇಲಧಿಕಾರಿ ಕಮಾಂಡರ್ ವೈಟ್‌ಕೋಂಬ್ ಕರೆಸಿ ಹೇಳಿದ್ದೂ ಅದನ್ನೇ.

“ಕೀಲಿ ಯಾರ ಹತ್ತಿರವೋ ಕಳ್ಳ ಅವನೇ. ಇದಕ್ಕೆ ತನಿಖೆ ಬೇರೆ ಕೇಡು! ಸಾಯಂಕಾಲ ನಾಲ್ಕಕ್ಕೆ ಹೆಸರು ಬೇಕು. ಬೇರೆ ಹೆಸರು ಇಲ್ಲದಿದ್ರೆ ಪೆಟ್ವೇನ ಕೋರ್ಟ್ ಮಾರ್ಷಲ್‌ಗೆ ಕಳಿಸ್ತೀನಿ.”

ಹಾಗೆ ಕಳಿಸಿದರೆ ಹದಿನಾರು ವರ್ಷದ ನೌಕರಿಯ ಜೊತೆ ಪೆಟ್ವೇಯ ಪಿಂಚಣಿಯೂ ಹೋಗುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಾದರೂ ಇರುತ್ತಾನೆ. ಆದರೆ ಈ ಹಡಗಿನಲ್ಲಿ ಮೂರು ಸಾವಿರ ಜೊತೆ ಹೆಗಲು. 9ರಿಂದ 11ರವರೆಗೆ ಚೀಫ್ ಮತ್ತು ಕೊವಾಲ್ ಐದೈದು ಅಂತಸ್ತಿನ ತೂಗುಮಂಚಗಳ ಸಂದಿ, ಬಣ್ಣದ ಕೋಣೆ, ಕಸದ ಪೀಪಾಯಿ ಎಲ್ಲ ತಡಕಿದರು. ಅಂಟಂಟಾದ ಒಂದು ಚಮಚವೂ ಸಿಗಲಿಲ್ಲ.

“ಇಪ್ಪತ್ತು ಜನ ಕೂತು ತಿಂದ್ರೂ ಒಬ್ಬನಿಗಾದ್ರೂ ಹೊಟ್ಟೆ ಕೆಡಬೇಕಲ್ಲ ಚೀಫ್. ಆಸ್ಪತ್ರೆಯಲ್ಲಿ ಕೇಳಿದೆ, ಒಬ್ಬನೂ ಬಂದಿಲ್ಲ. ಈ ಸೆಕೆಗೆ ಹೊರಗೆ ಇಟ್ರೆ ಅರ್ಧ ಗಂಟೆಯಲ್ಲಿ ನೀರು.”

“ತಿಂದಿಲ್ಲ. ಕರಗಿಲ್ಲ. ಹೊರಗೆ ಬಂದಿಲ್ಲ.” ಚೀಫ್ ತಲೆ ಕೆರೆದುಕೊಂಡ. “ಮತ್ತೆ ಯಾಕಯ್ಯಾ ಕದ್ದ?”

ಹಗ್ಗದ ಯಾವ ತುದಿ ಹಿಡಿದು ಎಳೆದರೂ ಗಂಟು ಇನ್ನಷ್ಟು ಬಿಗಿಯುತ್ತಿತ್ತು.

11-40ಕ್ಕೆ ಊಟದ ಸಾಲು ಎರಡು ಮೆಟ್ಟಿಲು ದಾಟಿ ಬೆಳೆದಿತ್ತು. ಚೀಫ್ ತಟ್ಟೆ ಹಿಡಿದು ನಿಂತಿದ್ದಾಗ ಹಿಂದೆ ಇಬ್ಬರು ಮಾತಾಡುತ್ತಿದ್ದರು.

“ಇವತ್ತೇನಂತೆ?”

“ಬೀನ್ಸ್ ಕಾಳು. ದನದ ಮಾಂಸ ಖಾಲಿಯಾಗ್ತಿದೆಯಂತೆ. ಇನ್ನು ಆಸ್ಟ್ರೇಲಿಯಾದ ಕುರಿ ಇಳಿಸ್ತಾರೆ.”

“ಆ ಕುರಿ ತಿನ್ನೋ ಬದಲು ನನ್ನ ಬೂಟು ಬೇಯಿಸ್ಕೊಡು ಮಾರಾಯ. ಫೆಬ್ರವರಿಯಿಂದ ಅದನ್ನ ಒಬ್ಬನೂ ಮುಟ್ಟಿಲ್ಲ.”

ಚೀಫ್ ತಟ್ಟೆಯನ್ನು ಕೊವಾಲ್‌ನ ಕೈಗೆ ತುರುಕಿ ಸಾಲು ಬಿಟ್ಟು ನಡೆದ.

12-20. ಪೆಟ್ವೇ ಬಲಗೋಣೆ ತೆರೆದ. ಬಟ್ಟೆ ಸುತ್ತಿದ ಕುರಿಗಳು ಕಲ್ಲಿನಂತೆ ಹೆಪ್ಪುಗಟ್ಟಿ ಆರು ಸಾಲಾಗಿ ಬಿದ್ದಿದ್ದವು. ಮೂವರೂ ಸೇರಿ ಎಳೆದು ಹಾಕಿದರು. ಆರನೇ ಸಾಲಿನ ಹಿಂದೆ, ಗೋಡೆಗೆ ಒತ್ತಿಕೊಂಡು, ಕ್ಯಾನ್ವಾಸ್ ಸುತ್ತಿದ ಎರಡು ಡಬ್ಬಿ ಕೂತಿದ್ದವು. ಮುಚ್ಚಳದ ಮೊಹರು ಹಾಗೇ ಇತ್ತು.

ಪೆಟ್ವೇ ಗೋಡೆಗೆ ಒರಗಿದ. “ನನ್ನ ದಾಟಿ ಹೋಗಿಲ್ಲ ಅಂದ್ನಲ್ಲ ಚೀಫ್.”

ಎರಡನೇ ಪಂಚನಾಮೆಯಲ್ಲಿ ಕೊವಾಲ್ ಹೀಗೆ ಬರೆದ: ಹಗ್ಗದ ಗಂಟು ವಿಮಾನಗಳನ್ನು ಹಡಗಿನ ಮೇಲಟ್ಟಕ್ಕೆ ಬಿಗಿಯುವ ಗಂಟು. ಪ್ರತಿ ಡಬ್ಬಿಯ ಮೇಲೆ ಹಳದಿ ಮೇಣದ ಕಡ್ಡಿಯಲ್ಲಿ ಬರೆದ ಅಂಕಿ, 27.

ಮಾಲು ಸಿಕ್ಕಿದರೆ ಕತ್ತಲೆ ಹರಿಯಬೇಕು. ಚೀಫ್‌ಗೆ ಇನ್ನಷ್ಟು ಕವಿಯಿತು. ಕದ್ದವನು ಮಾಲಿನ ಮೇಲೆ ವಿಳಾಸ ಬರೆಯುತ್ತಾನೆಯೇ?

ನಿನ್ನೆ ಸಾಮಾನು ಹೊತ್ತವರ ಪಟ್ಟಿ ತರಿಸಿದ. ಎಂಟು ಹೆಸರು. ಏಳರ ಮುಂದೆ ‘ಆಜ್ಞೆಯ ಮೇರೆಗೆ’ ಎಂದಿತ್ತು. ಎಂಟನೆಯದರ ಮುಂದೆ ‘ತಾನಾಗಿ ಬಂದವನು’.

“ತಾನಾಗಿ!” ಕೊವಾಲ್ ನಕ್ಕ. “ನೌಕಾಪಡೆಯಲ್ಲಿ ತಾನಾಗಿ ಕೈ ಎತ್ತೋನಿಗೆ ಒಂದೋ ಹುಚ್ಚು, ಇಲ್ಲ ಗುಟ್ಟು.”

ವೆಂಡೆಲ್ ಸ್ಟ್ರೌಟ್, ಹದಿನೆಂಟು ವರ್ಷ, ನೆಬ್ರಾಸ್ಕದವನು. ಕಂದು ಅಂಗಿ. ಅಂದರೆ ಒಂದು ವಿಮಾನದ ಪಾಲಕ. ವಿಮಾನದ ನಂಬರು 27.

13-05ಕ್ಕೆ ಅವನು ಸಿಕ್ಕಿದ್ದು ಮೇಲಟ್ಟದ ಹಿಂಬದಿಯಲ್ಲಿ. ಎರಡು ವಿಮಾನಗಳ ನಡುವಿನ ಖಾಲಿ ಜಾಗದಲ್ಲಿ, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚೀಫ್‌ನನ್ನು ಕಂಡು ಎದ್ದು ನಿಂತ. ಓಡಲಿಲ್ಲ.

“ನಿನ್ನ ವಿಮಾನ ಎಲ್ಲಿ ಮರಿ?”

“ಶುಕ್ರವಾರ ಹೋಗಿದ್ದು ಇನ್ನೂ ಬಂದಿಲ್ಲ ಚೀಫ್.”

ಇನ್ನೂ ಬಂದಿಲ್ಲ ಎಂದ, ತಡವಾದ ಬಸ್ಸಿನ ಮಾತಾಡುವಂತೆ. ಹಾರಿಸುತ್ತಿದ್ದವನು ಲೆಫ್ಟಿನೆಂಟ್ ಹಾರ್ಲನ್ ಡೈಸ್. ಅವನು ಮೋಡದೊಳಗೆ ಹೋದದ್ದನ್ನು ನೋಡಿದವರಿದ್ದರು. ಹೊರಗೆ ಬಂದದ್ದನ್ನು ನೋಡಿದವರಿರಲಿಲ್ಲ.

“ನಿನ್ನೆ ಎದ್ದಾಗಿನಿಂದ ಏನೇನು ಮಾಡಿದೆ, ಹೇಳು.”

“ನಾಲ್ಕೂವರೆಗೆ ಎದ್ದೆ. ಎಲ್ಲರೂ ಅವರವರ ಯುದ್ಧದ ಜಾಗಕ್ಕೆ ಹೋಗಿ ನಿಂತ್ವಿ. ಆಮೇಲೆ ಸಾಮಾನು ಹೊತ್ತೆ. ಉಪ್ಪುನೀರಲ್ಲಿ ಸ್ನಾನ ಮಾಡಿದೆ. ಇಲ್ಲಿ ಬಂದು ಗಾಜು ಒರೆಸಿದೆ.”

“ಯಾವ ಗಾಜು? ವಿಮಾನವೇ ಇಲ್ಲ!”

“ಪಕ್ಕದ್ದು. ಕೈ ಸುಮ್ಮನಿರಲ್ಲ ಚೀಫ್. ಬೇರೆ ದಿನ ಆದ್ರೆ ಡೈಸ್ ಸಾರ್ ಬರೋಷ್ಟರಲ್ಲಿ ಸೀಟು ಬೆಚ್ಚಗೆ ಮಾಡ್ತೀನಿ, ಪಟ್ಟಿ ಕಟ್ತೀನಿ, ಭುಜ ತಟ್ತೀನಿ. ಹೋದ ಮೇಲೆ ಬರೋತನಕ ಈ ಜಾಗದಲ್ಲೇ ಕಾಯ್ತೀನಿ. ಅದೇ ನನ್ನ ಕೆಲಸ.”

“ಐಸ್‌ಕ್ರೀಂ ಮುಚ್ಚಿಟ್ಟಿದ್ದು ಯಾರು?”

“ನಾನೇ.”

“ಯಾಕೆ?”

ಹುಡುಗ ಚೀಫ್‌ನ ಮುಖವನ್ನೇ ನೋಡಿದ, ಇದೂ ಗೊತ್ತಿಲ್ಲವೇ ಎಂಬಂತೆ.

“ಬಿದ್ದ ಪೈಲಟ್‌ನ ಸಣ್ಣ ಹಡಗಿನವರು ನೀರಿಂದ ಎತ್ಕೊಂಡ್ರೆ ಐಸ್‌ಕ್ರೀಂ ಕೊಟ್ಟೇ ಬಿಡಿಸ್ಕೋಬೇಕಲ್ಲ ಚೀಫ್. ಅವರಿಗೆ ಯಂತ್ರ ಇಲ್ಲ. ಕೊಡದಿದ್ರೆ ಕಳಿಸಲ್ಲ.”

ಕೊವಾಲ್ ನಗಲು ಬಾಯಿ ತೆರೆದು ಮುಚ್ಚಿದ. ಆ ಪದ್ಧತಿ ಇದ್ದದ್ದು ನಿಜ. ಪೈಲಟ್ ಹಗ್ಗದ ಕುರ್ಚಿಯಲ್ಲಿ ಈ ಕಡೆ ಬರುತ್ತಿದ್ದ, ಐಸ್‌ಕ್ರೀಂ ಡಬ್ಬಿ ಆ ಕಡೆ ಹೋಗುತ್ತಿತ್ತು. ಎರಡೂ ಹಡಗಿನವರು ಕೂಗಾಡಿ ನಗುತ್ತಿದ್ದರು. ಅದು ತಮಾಷೆ ಎಂದು ಯಾರಿಗೂ ಹೇಳಿಕೊಡಬೇಕಾಗಿ ಬಂದಿರಲಿಲ್ಲ.

“ಇದನ್ನ ನಿನಗೆ ಯಾರು ಹೇಳಿದ್ದು?”

“ಡೈಸ್ ಸಾರೇ. ‘ನಾನು ನೀರಿಗೆ ಬಿದ್ರೆ ಹತ್ತು ಗ್ಯಾಲನ್ ರೆಡಿ ಇಟ್ಟಿರಪ್ಪ. ಅದಕ್ಕಿಂತ ಕಮ್ಮಿಗೆ ಆ ಕಳ್ಳರು ನನ್ನ ಬಿಡಲ್ಲ’ ಅಂದ್ರು. ಶುಕ್ರವಾರ ಪಟ್ಟಿ ಕಟ್ಟುವಾಗ್ಲೂ ಅಂದ್ರು. ಯಂತ್ರ ಸುಟ್ಟಿತು. ಉಳಿದಿದ್ದನ್ನ ಅಧಿಕಾರಿಗಳ ಊಟಕ್ಕೆ ಹಂಚ್ತಾರೆ ಅಂದ್ಕೊಂಡೆ. ಹಂಚಿಬಿಟ್ರೆ ನಾಳೆ ಡೈಸ್ ಸಾರ್‌ನ ಏನು ಕೊಟ್ಟು ತರೋದು?”

“ಅದು ಸುಟ್ಟುಕೊಂಡವರಿಗೆ ಅಂತ ಇಟ್ಟಿದ್ದು.”

ಹುಡುಗನ ಕೈಯಿಂದ ಮರದ ತುಂಡು ಜಾರಿ ಬಿತ್ತು. “ನನಗೆ ಗೊತ್ತಿರಲಿಲ್ಲ.” ಬಗ್ಗಿ ಅದನ್ನು ಎತ್ತಿಕೊಂಡು, “ಗೊತ್ತಿರಲಿಲ್ಲ ಚೀಫ್. ಕೊಟ್ಟುಬಿಡಿ. ಈಗಲೇ ಕೊಟ್ಟುಬಿಡಿ.”

“ನಿನ್ನಿಂದ ಪೆಟ್ವೇ ಸಿಕ್ಕಿಬೀಳ್ತಿದ್ದ.”

ಅದೂ ಅವನಿಗೆ ಗೊತ್ತಿರಲಿಲ್ಲ.

13-50ಕ್ಕೆ ಬಂಧನ. 14-15ಕ್ಕೆ ಒಂದು ಡಬ್ಬಿ ಆಸ್ಪತ್ರೆಯಲ್ಲಿ ತೆರೆಯಿತು. 15-30ಕ್ಕೆ ಪೆಟ್ವೇಯ ಹೆಸರನ್ನು ದೂರಿನಿಂದ ತೆಗೆದುಹಾಕಿದ್ದಾಯಿತು. ಕಮಾಂಡರ್ ಕಡತ ಓದಿ, ಮತ್ತೊಮ್ಮೆ ಓದಿ, “ಇಷ್ಟೂ ದಡ್ಡ ಇರ್ತಾನಾ?” ಎಂದು ಕೇಳಿದರು. ಆಮೇಲೆ ಹುಡುಗನ ಶಿಕ್ಷೆ ಬರೆದರು. ಮೂರು ದಿನ ಸೆರೆಕೋಣೆ, ಬ್ರೆಡ್ಡು, ನೀರು.

ಮರುದಿನ 9-30ಕ್ಕೆ ಒಂದು ಸಣ್ಣ ಯುದ್ಧನೌಕೆ ಪಕ್ಕಕ್ಕೆ ಬಂದು ಸಮಸಮವಾಗಿ ಓಡತೊಡಗಿತು. ಹಗ್ಗ ಹಾರಿತು. ಕುರ್ಚಿಯಲ್ಲಿ ಯಾರೋ ಒಬ್ಬ ಪೈಲಟ್ ತೂಗಾಡುತ್ತ ಬಂದ. ಮೇಲಟ್ಟದಲ್ಲಿ ಎದ್ದ ಕೂಗು ಉಕ್ಕಿನ ಗೋಡೆಗಳೊಳಗೆ ಇಳಿದು ಸೆರೆಕೋಣೆಗೂ ಕೇಳಿಸಿತ್ತು.

ಚೀಫ್ ಹೋದಾಗ ಹುಡುಗ ಕಂಬಿ ಹಿಡಿದು ನಿಂತಿದ್ದ.

“ಡೈಸ್ ಸಾರಾ?”

“ಅಲ್ಲ ಮರಿ. ಹದಿನಾಲ್ಕನೇ ನಂಬರಿನವನು.”

ಹುಡುಗ ಕಂಬಿ ಬಿಟ್ಟ. ಹೋಗಿ ಹಲಗೆಯ ಮೇಲೆ ಕೂತ. “ಆ ಹಡಗಿನವರಿಗೆ ಏನು ಕೊಟ್ಟು ಕಳಿಸಿದ್ರಿ?” ಎಂದ.

“ಉಳಿದಿದ್ದ ಡಬ್ಬಿ. ಸುಟ್ಟುಕೊಂಡವರೇ ಸ್ಲೇಟಿನ ಮೇಲೆ ಬರೆದು ಕಳಿಸಿದ್ರು, ಕೊಟ್ಟುಬಿಡಿ ಅಂತ. ಪೆಟ್ವೇನೇ ಹೊತ್ತು ತಂದ.”

“ಐದೇ ಗ್ಯಾಲನ್ನಿಗೆ ಒಪ್ಪಿದ್ರಾ?”

“ಒಪ್ಪಿದ್ರು.”

“ಹಂಗಾದ್ರೆ ನಾನು ಜಾಸ್ತಿ ಎತ್ತಿಟ್ಟಿದ್ದೆ,” ಎಂದ ಹುಡುಗ, ತನ್ನಷ್ಟಕ್ಕೆ.

ಕಚೇರಿಗೆ ಬಂದು ಚೀಫ್ ಕಡತ ಮುಗಿಸಲು ಕೂತ. ಒಂದೇ ಕಲಂ ಖಾಲಿ ಉಳಿದಿತ್ತು. ಕೃತ್ಯದ ಉದ್ದೇಶ. ಡುಲೂತ್‌ನ ಹನ್ನೊಂದು ವರ್ಷಗಳಲ್ಲಿ ಅಲ್ಲಿ ತುಂಬಿದ ಪದಗಳು ಆಸೆ, ಸೇಡು, ಕುಡಿತ. ಯಾವುದೂ ಇಲ್ಲಿ ಕೂರಲಿಲ್ಲ. ಕೊನೆಗೆ ಎರಡು ಬೆರಳಲ್ಲಿ ಕುಟ್ಟಿದ: “ತನ್ನ ಅಧಿಕಾರಿ ಕೊಟ್ಟ ಕೊನೆಯ ಆಜ್ಞೆಯನ್ನು ಪಾಲಿಸಲು.”

ಕಾಗದ ಎಳೆಯಲು ಹೋದವನು ನಿಂತ. ಉರುಳೆಯನ್ನು ಹಿಂದಕ್ಕೆ ತಿರುಗಿಸಿ, ‘ಕೊನೆಯ’ ಎಂಬ ಮಾತಿನ ಮೇಲೆ ಒಂದೊಂದೇ ಅಡ್ಡಗೆರೆ ಹೊಡೆದು ಅಳಿಸಿದ. ಅದಕ್ಕೆ ಸಾಕ್ಷಿ ಇರಲಿಲ್ಲ.